ಹೇಳಿಕೊಟ್ಟ ಮಾತು

ಪ್ರಾಂಪ್ಟ್ ಎಂಬ ಮಾತು ನನಗೆ ಹೊಸದಲ್ಲ. ಫ್ರಾಕು ಹಾಕುವ ವಯಸ್ಸಿನಲ್ಲೇ ಅದನ್ನು ಕೇಳಿದ್ದೆ. ನಮ್ಮ ಅಪ್ಪ ಜಾತ್ರೆಯ ನಾಟಕಗಳಲ್ಲಿ ಪ್ರಾಂಪ್ಟ್ ಮಾಡುತ್ತಿದ್ದರು. ಪಾತ್ರ ಮಾಡಲು ಅವರಿಗೆ ಎತ್ತರವೂ ಇರಲಿಲ್ಲ, ದನಿಯೂ ಇರಲಿಲ್ಲ. ಆದರೆ ಓದು ಚೆನ್ನಾಗಿ ಬರುತ್ತಿತ್ತು. ಪರದೆಯ ಮರೆಯಲ್ಲಿ ಕಂದೀಲು ಇಟ್ಟುಕೊಂಡು ಕುಳಿತು, ನಾಟಕದ ಪುಸ್ತಕ ನೋಡಿ ಒಂದೊಂದೇ ಸಾಲನ್ನು ಪಿಸುದನಿಯಲ್ಲಿ ಹೇಳಿಕೊಡುವರು. ಒಂದು ವರ್ಷ ನಾಯಕನ ಪಾತ್ರ ಮಾಡಿದವನು ಹಿಟ್ಟಿನ ಗಿರಣಿಯವನು. ತಾಯಿಯನ್ನು ಅಗಲುವ ಸನ್ನಿವೇಶ. ಅಪ್ಪ ಹೇಳಿಕೊಟ್ಟ ಮಾತನ್ನೆಲ್ಲ ಗದ್ಗದವಾಗಿ ಆಡಿದವನು ಅದೇ ಉಸಿರಿನಲ್ಲಿ “ಕಣ್ಣೀರು ಒರೆಸಿಕೊಳ್ಳುತ್ತ ಎಡಕ್ಕೆ ಸರಿಯುವನು” ಎಂದೂ ಗಟ್ಟಿಯಾಗಿ ಹೇಳಿಬಿಟ್ಟ. ಸೇರಿದ ಜನ ಬಿದ್ದು ಬಿದ್ದು ನಕ್ಕರು. ಅಪ್ಪ ಮಾತ್ರ ಬಹಳ ವರ್ಷ ಪೇಚಾಡುತ್ತಿದ್ದರು: “ತಪ್ಪು ಅವಂದಲ್ಲ, ನಂದು. ಯಾವುದು ಆಡೋ ಮಾತು, ಯಾವುದು ಮಾಡೋ ಕೆಲಸ ಅಂತ ನಾ ದನಿ ಬದಲಿಸಿ ಹೇಳಬೇಕಿತ್ತು.”

ಇದೆಲ್ಲ ಈಗ ನೆನಪಾಗಲು ಕಾರಣ, ಐವತ್ತೈದು ದಾಟಿದ ಮೇಲೆ ಆ ಪರದೆಯ ಹಿಂದಿನ ಕೆಲಸ ನನ್ನ ಪಾಲಿಗೂ ಬಂದದ್ದು. ಎದುರಿಗಿರುವವನು ಮಾತ್ರ ಗಿರಣಿಯವನಲ್ಲ, ಕಂಪ್ಯೂಟರು. ಕೃತಕ ಬುದ್ಧಿಮತ್ತೆ ಎಂದು ಎಲ್ಲರ ಬಾಯಲ್ಲೂ ಇದೆಯಲ್ಲ, ಅದು. ನಾವು ಅದಕ್ಕೆ ಬರೆದು ಹೇಳುವ ಸೂಚನೆಗೂ ಪ್ರಾಂಪ್ಟ್ ಎಂದೇ ಹೆಸರಂತೆ.

ನಾನಿರುವುದು ಕುಡಚಿಯಲ್ಲಿ. ಮಿರಜಿನಿಂದ ಬೆಳಗಾವಿಗೆ ರೈಲಿನಲ್ಲಿ ಬರುವಾಗ ಉಗಾರ ಬಿಟ್ಟು ಕೃಷ್ಣೆಯ ಸೇತುವೆ ದಾಟಿದೊಡನೆ ಸಿಗುವ ಊರು. ನನ್ನ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಆಡುವ, ಮರಾಠಿ ಆಡುವ, ಉರ್ದು ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂಡುತ್ತವೆ. ಚಿಂಚಲಿ ಮಾಯಕ್ಕನ ಜಾತ್ರೆ ಬಂದರೆ ಅರ್ಧ ತರಗತಿ ಖಾಲಿ. ಕಬ್ಬಿನ ಹಂಗಾಮು ಶುರುವಾದರೆ ಇನ್ನೊಂದರ್ಧ. ಕನ್ನಡ, ಸಮಾಜ ವಿಜ್ಞಾನ ಎರಡೂ ನನ್ನವೇ. ಬಿ.ಎ., ಬಿ.ಎಡ್. ಮುಗಿಸಿ ಈ ವೃತ್ತಿಗೆ ಬಂದಾಗಿನಿಂದ ಪಾಠ ಮಾಡುವುದು ನನಗೆ ಎಂದೂ ಭಾರವಾಗಿಲ್ಲ. ಭಾರವಾಗಿರುವುದು ಬರೆಯುವುದು. ಪಾಠಯೋಜನೆ, ಪ್ರಶ್ನೆಪತ್ರಿಕೆ, ಅದರ ನೀಲನಕಾಶೆ, ವರದಿ, ವರದಿಯ ವರದಿ. ಈಗಂತೂ ರಾತ್ರಿ ಒಂಬತ್ತಕ್ಕೆ ರೊಟ್ಟಿ ಬಡಿಯುತ್ತಿರುವಾಗ ವಾಟ್ಸಾಪಿನಲ್ಲಿ “ತುರ್ತು” ಎಂದು ಬರುತ್ತದೆ. ಬೆಳಗಾಗುವುದರೊಳಗೆ ಕಳಿಸಬೇಕು.

ಹೋದ ದೀಪಾವಳಿಗೆ ಪುಣೆಯಿಂದ ಮಗ, ಸೊಸೆ ಬಂದಿದ್ದರು. ನಾನು ಕರಜಿಕಾಯಿ ಮಾಡುವುದನ್ನು ಬಿಟ್ಟು ಪ್ರಶ್ನೆಪತ್ರಿಕೆ ಬರೆಯುತ್ತ ಕುಳಿತದ್ದು ನೋಡಿ ಸೊಸೆಗೆ ತಡೆಯಲಿಲ್ಲ. “ಅತ್ತೀ, ನಮ್ಮ ಆಫೀಸಿನ್ಯಾಗ ಇಂಥಾ ಕೆಲಸ ಎಲ್ಲಾ ಇದರ ಕಡೆ ಮಾಡಿಸ್ತೀವ್ರಿ. ತರ್ರಿ ನಿಮ್ಮ ಫೋನು” ಎಂದಳು. ಚಾಟ್ ಜಿಪಿಟಿ ಎಂಬುದನ್ನು ಅಮೆರಿಕದ ಓಪನ್ ಎಐ ಎಂಬ ಸಂಸ್ಥೆ 2022ರ ನವೆಂಬರ್ 30ರಂದು ಜನರ ಕೈಗೆ ಬಿಟ್ಟಿತಂತೆ. ಆಮೇಲೆ ಗೂಗಲ್ಲಿನವರದೂ ಬಂತು. ಕನ್ನಡದಲ್ಲಿ ಕೇಳಿದರೂ ಉತ್ತರ ಕೊಡುತ್ತದೆ. ನಾನು ಸೆರಗಿಗೆ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಒತ್ತಿ, ನನ್ನ ಜೀವಮಾನದ ಮೊದಲ ಪ್ರಾಂಪ್ಟ್ ಬರೆದೆ: “ಕೃಷ್ಣಾ ನದಿಯ ಬಗ್ಗೆ ಪಾಠ ಬರೆ.”

ಬರೆಯಿತು. ಕಣ್ಣು ಮಿಟುಕಿಸುವುದರೊಳಗೆ ಎರಡು ಪುಟ. ಕೃಷ್ಣೆ ಜೀವನಾಡಿಯಂತೆ, ಸಂಸ್ಕೃತಿಯ ತೊಟ್ಟಿಲಂತೆ, ಪ್ರಕೃತಿಯ ವರದಾನವಂತೆ. ಭಾಷಣ ಸ್ಪರ್ಧೆಯಲ್ಲಿ ಸಮಾಧಾನಕರ ಬಹುಮಾನ ಬರುವಂಥ ಬರಹ. ನನ್ನ ಮಕ್ಕಳಿಗೆ ಅದರಲ್ಲಿ ಒಂದು ಹನಿ ನೀರೂ ಇರಲಿಲ್ಲ. “ಕುಡಚಿಯ ಮಕ್ಕಳಿಗೆ ಬರೆ” ಎಂದೆ. ಈ ಸಲ ನಮ್ಮ ಊರನ್ನು ಬೆಳಗಾವಿ ನಗರದ ಮಗ್ಗುಲಲ್ಲಿ ಕೂಡಿಸಿಬಿಟ್ಟಿತು. ಅಲ್ಲಿ ಬಸವನ ಕುಡಚಿ ಎಂಬ ಇನ್ನೊಂದು ಊರಿದೆ. ಅದಕ್ಕೂ ನಮಗೂ ಕಲಸಿಹಾಕಿತ್ತು. ನಾನು ಫೋನು ಸೊಸೆಯ ಕೈಗೆ ಕೊಟ್ಟು, “ಇದಕ್ಕಿಂತ ನಮ್ಮ ಆರನೇತ್ತೆ ಹುಡುಗರು ಶಾಣ್ಯಾರ ಅದಾರ” ಎಂದು ಎಣ್ಣೆಯ ಬಾಣಲಿಗೆ ಹೋದೆ.

ಅವಳು ಬಿಡಲಿಲ್ಲ. “ಅತ್ತೀ, ಮಾಂವಾರನ್ನ ಸಂತಿಗೆ ಕಳಸೂ ಮುಂದ ಏನಂತ ಹೇಳ್ತೀರಿ?” ಎಂದು ಕೇಳಿದಳು.

ನನಗೆ ನಗು ಬಂತು. ಮದುವೆಯಾದ ಹೊಸತರಲ್ಲಿ “ಬದನೆಕಾಯಿ ತರ್ರಿ” ಎಂದಷ್ಟೇ ಹೇಳಿ ಕಳಿಸುತ್ತಿದ್ದೆ. ಸೋರೆಕಾಯಿಯ ಗಾತ್ರದವು ಬರುತ್ತಿದ್ದವು. ಈಗ ಹೇಳುವುದು ಹೀಗೆ: “ಎಣಗಾಯಿಗೆ ಬೇಕು. ಸಣ್ಣವು, ಎಳೇವು, ತೊಟ್ಟು ಹಸರ ಇರಬೇಕು. ಅರ್ಧ ಕಿಲೋ. ತೂತು ಇದ್ರ ಬಿಡ್ರಿ. ಸಿಗದಿದ್ರ ಹೀರೀಕಾಯಿ ತರ್ರಿ, ಬರಿಗೈಲೆ ಬರಬ್ಯಾಡ್ರಿ.” ಯಾತಕ್ಕೆ ಬೇಕು, ಎಂಥದು ಬೇಕು, ಎಷ್ಟು, ಎಂಥದು ಬೇಡ, ಸಿಗದಿದ್ದರೆ ಏನು. ಸೊಸೆಯ ಆಫೀಸಿನಲ್ಲಿ ಎರಡು ದಿನದ ತರಬೇತಿ ಇಟ್ಟು ಕಲಿಸಿದ್ದೂ ಇಷ್ಟೇ ಅಂತೆ. ಮೂವತ್ತು ವರ್ಷ ಸಂಸಾರ ಮಾಡಿದ ಹೆಣ್ಣುಮಕ್ಕಳಿಗೆ ಆ ತರಬೇತಿ ಯಾಕೆ ಬೇಕೋ ನಾ ಕಾಣೆ.

ಹಾಗೆ ಎರಡನೆಯ ಸಲ ಕುಳಿತೆ. ಎಂಟನೆಯ ತರಗತಿ, ನಲವತ್ತೆರಡು ಮಕ್ಕಳು, ಅರ್ಧದಷ್ಟು ಮಕ್ಕಳ ಮನೆಮಾತು ಕನ್ನಡವಲ್ಲ, ಅವಧಿ ನಲವತ್ತು ನಿಮಿಷ, ಕರಿಹಲಗೆ ಮತ್ತು ಸೀಮೆಸುಣ್ಣ ಬಿಟ್ಟು ಬೇರೆ ಸಾಮಗ್ರಿ ಇಲ್ಲ ಎಂದು ಬರೆದೆ. ಊರು ರಾಯಬಾಗ ತಾಲೂಕಿನ ಕುಡಚಿ, ಕೃಷ್ಣೆಯ ದಂಡೆ. 2019ರ ಆಗಸ್ಟಿನಲ್ಲಿ ಮಹಾಪೂರ ಬಂದಾಗ ಈ ಮಕ್ಕಳು ತೀರ ಸಣ್ಣವರು. ಆದರೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆ ತೋರಿಸಿ ಹೇಳಬಲ್ಲರು. ಮಹಾಬಳೇಶ್ವರದಲ್ಲಿ ಹುಟ್ಟಿದ ನದಿಗೆ ಕರಾಡದಲ್ಲಿ ಕೊಯ್ನಾ, ನರಸೋಬವಾಡಿಯಲ್ಲಿ ಪಂಚಗಂಗಾ ಕೂಡುತ್ತವೆ. ನಮ್ಮಲ್ಲಿ ಒಂದು ಹನಿ ಮಳೆಯಾಗದಿದ್ದರೂ ಮೇಲೆ ಮಳೆ ಹೊಡೆದು ಅಣೆಕಟ್ಟಿನಿಂದ ನೀರು ಬಿಟ್ಟರೆ ನಮ್ಮ ಉಗಾರ ರಸ್ತೆಯ ಸೇತುವೆ ಮುಳುಗುತ್ತದೆ. “ಇದು ಯಾಕೆ ಎಂಬ ಪ್ರಶ್ನೆಯಿಂದ ಪಾಠ ಶುರುಮಾಡು. ಜೀವನಾಡಿ, ವರದಾನ ಮುಂತಾದ ಮಾತು ಬೇಡ. ನಿನಗೆ ತಿಳಿಯದ್ದು ಇದ್ದರೆ ಬರೆಯುವ ಮೊದಲು ನನ್ನನ್ನು ಕೇಳು.” ಈ ಕೊನೆಯ ಸಾಲು ಸೊಸೆ ಕಲಿಸಿದ್ದು. ಅದು ನಿಜಕ್ಕೂ ನಾಲ್ಕು ಪ್ರಶ್ನೆ ಕೇಳಿತು. ಉತ್ತರ ಕೊಟ್ಟ ಮೇಲೆ ಬಂದ ಪಾಠದಲ್ಲಿ ಮೂರು ತಪ್ಪು ತಿದ್ದಿದೆ, ಒಂದು ಚಟುವಟಿಕೆ ಕೈಬಿಟ್ಟೆ, ಉಳಿದದ್ದನ್ನು ಹಾಗೇ ಮಾಡಿದೆ. ಮಕ್ಕಳು ಊಟದ ಗಂಟೆ ಹೊಡೆದರೂ ಏಳಲಿಲ್ಲ.

ಬೆಂಗಳೂರಿನ ಕಡೆಯ ಕೆಲವು ಸರ್ಕಾರಿ ಶಾಲೆಗಳಲ್ಲಿ ಇಷ್ಟೆಲ್ಲ ಬರೆಯುವ ತಾಪತ್ರಯವಿಲ್ಲದಂತೆ ಒಂದು ಏರ್ಪಾಡು ಮಾಡಿದ್ದರೆಂದು ಓದಿದ್ದೇನೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದವರೂ ಶಿಕ್ಷಣ ಫೌಂಡೇಶನ್ನಿನವರೂ ಸೇರಿ 2023ರಲ್ಲಿ ಶಿಕ್ಷಾ ಕೋಪೈಲಟ್ ಎಂಬುದನ್ನು ಪ್ರಯೋಗಕ್ಕೆ ಇಳಿಸಿದರು. ನಮ್ಮ ರಾಜ್ಯದ ಪಠ್ಯಪುಸ್ತಕವನ್ನೇ ಅದರೊಳಗೆ ಇಟ್ಟಿರುವುದರಿಂದ ಶಿಕ್ಷಕರು ತರಗತಿ, ಪಾಠ ಹೇಳಿದರೆ ಸಾಕು. ಒಳ್ಳೆಯದೇ. ಆದರೆ ಪುಸ್ತಕವನ್ನು ಒಳಗಿಡಬಹುದು. ಮೂರನೆಯ ಬೆಂಚಿನಲ್ಲಿ ಯಾರು ಉಪವಾಸ ಬಂದಿದ್ದಾರೆ ಎಂಬುದನ್ನು ಹೇಗೆ ಇಡುವುದು?

ಈ ಯಂತ್ರ ಒಳಗೆ ಹೇಗೆ ಕೆಲಸ ಮಾಡುತ್ತದೆಂದು ಕೇಳಿದಾಗ ಸೊಸೆ ಹೇಳಿದ್ದು ಹೀಗೆ: ಪ್ರಪಂಚದ ರಾಶಿ ರಾಶಿ ಬರಹವನ್ನು ಅದಕ್ಕೆ ಉಣಿಸಿದ್ದಾರೆ. ಒಂದು ಮಾತಿನ ಮುಂದೆ ಯಾವ ಮಾತು ಬರಬಹುದು ಎಂದು ಲೆಕ್ಕ ಹಾಕಿ ಹಾಕಿ ಜೋಡಿಸುತ್ತದೆ. ಇಂಗ್ಲಿಷಿನಷ್ಟು ಕನ್ನಡ ಅದಕ್ಕೆ ಸಿಕ್ಕಿಲ್ಲ, ಅದಕ್ಕೇ ಅದರ ಕನ್ನಡ ಸರ್ಕಾರಿ ಸುತ್ತೋಲೆಯ ಹಾಗೆ. ನನಗೆ ತಟ್ಟನೆ ತಿಳಿಯಿತು. ಇದು “ಬಿಟ್ಟ ಸ್ಥಳ ತುಂಬಿರಿ” ಎಂಬ ಪ್ರಶ್ನೆಯಲ್ಲಿ ಒಂದನ್ನೂ ಖಾಲಿ ಬಿಡದ ಹುಡುಗ! ಪ್ರತಿ ತರಗತಿಯಲ್ಲೂ ಒಬ್ಬನಿರುತ್ತಾನೆ. ಗೊತ್ತಿದ್ದರೂ ತುಂಬುತ್ತಾನೆ, ಗೊತ್ತಿಲ್ಲದಿದ್ದರೂ ಅಷ್ಟೇ ದುಂಡಗಿನ ಅಕ್ಷರದಲ್ಲಿ ತುಂಬುತ್ತಾನೆ. ಒಮ್ಮೆ ದಯೆಯ ಬಗ್ಗೆ ಬಸವಣ್ಣನವರ ವಚನ ಕೇಳಿದೆ. ಕೂಡಲಸಂಗಮದೇವ ಎಂಬ ಅಂಕಿತ ಹಾಕಿ ಚೆಂದದ ಒಂದು ವಚನ ಕೊಟ್ಟಿತು. ಆ ವಚನವನ್ನು ಬಸವಣ್ಣನವರು ಬರೆದೇ ಇರಲಿಲ್ಲ. ಅಂದಿನಿಂದ ವಚನ, ಇಸವಿ, ಕಾಯಿದೆ ಈ ಮೂರನ್ನೂ ಪುಸ್ತಕ ನೋಡದೆ ಅದರಿಂದ ತೆಗೆದುಕೊಳ್ಳುವುದಿಲ್ಲ ಎಂದು ಆಣೆ ಮಾಡಿಕೊಂಡೆ.

ಆಣೆ ಎಷ್ಟು ದಿನ ಉಳಿಯಿತು ಕೇಳಿ.

ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ದೀಪಾವಳಿಯ ನಂತರ ಶಾಲೆಗೆ ಬಂದಿರಲಿಲ್ಲ. ಜಾಣೆ, ಕನ್ನಡ ಬಾಯಿತುಂಬ ಓದುವವಳು. ಎರಡು ವಾರ ಕಾದೆ. ಮೂರನೆಯ ವಾರ ಮನೆಗೆ ಪತ್ರ ಕಳಿಸಬೇಕೆಂದುಕೊಂಡೆ. ಅವತ್ತು ಶನಿವಾರ, ಮೇಜಿನ ಮೇಲೆ ನಲವತ್ತು ಉತ್ತರಪತ್ರಿಕೆ, ಫೋನಿನಲ್ಲಿ ಎರಡು “ತುರ್ತು”. ಅಷ್ಟು ಹೊತ್ತಿಗೆ ನಾನು ಯಂತ್ರದ ವಿದ್ಯೆಯಲ್ಲಿ ಪಳಗಿದವಳೆಂಬ ಹಮ್ಮು ಬೇರೆ ಬಂದಿತ್ತು. “ಶಾಲೆಗೆ ಬಾರದ ವಿದ್ಯಾರ್ಥಿನಿಯ ಪಾಲಕರಿಗೆ ಪತ್ರ ಬರೆ. ಪರಿಣಾಮಕಾರಿಯಾಗಿರಲಿ” ಎಂದು ಒತ್ತಿದೆ. ಬದನೆಕಾಯಿಗೆ ಕೊಡುವಷ್ಟು ವಿವರವನ್ನೂ ಕೊಡಲಿಲ್ಲ. ಬಂದದ್ದನ್ನು ಮೇಲಿನ ನಾಲ್ಕು ಸಾಲು ಓದಿ, “ಇಲ್ಲಿ ಪಾಲಕರ ಹೆಸರು ಬರೆಯಿರಿ” ಎಂದಿದ್ದ ಕಡೆ ಹೆಸರು ತುಂಬಿ, ಮುದ್ರೆ ಒತ್ತಿ, ಅದೇ ಓಣಿಯ ಹುಡುಗನ ಕೈಯಲ್ಲಿ ಕಳಿಸಿದೆ. ಮೇಲಿನ ಆ ಒಂದು ಸಾಲನ್ನು ತಿದ್ದಿದೆನಲ್ಲ, ಗಿರಣಿಯವನಿಗಿಂತ ನಾನು ವಾಸಿ ಎಂದುಕೊಂಡೆ.

ಸೋಮವಾರ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಹುಡುಗಿಯ ತಾಯಿ ಗೇಟಿನಲ್ಲಿ ನಿಂತಿದ್ದಳು. ಕಬ್ಬಿನ ಹೊಲಕ್ಕೆ ಹೋಗುವ ಉಡುಪು, ತಲೆಗೆ ಸುತ್ತಿದ ಬಟ್ಟೆ, ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ನನ್ನ ಪತ್ರ.

“ನನ್ನ ಮಗಳ ಲಗ್ನ ಯಾವತ್ತ ಐತ್ರಿ ಬಾಯಾರ?” ಎಂದಳು.

ನನಗೆ ಅರ್ಥವಾಗಲಿಲ್ಲ.

“ನನಗಂತೂ ಗೊತ್ತಿಲ್ಲ. ನಿಮಗ ಗೊತ್ತಾಗೇತಿ. ಅದಕ್ಕ ಕೇಳಾಕ ಬಂದೀನಿ.”

ಪತ್ರ ತೆಗೆದುಕೊಂಡು ಈಗ ಪೂರ್ತಿ ಓದಿದೆ. ಕೆಳಗಡೆ, ನಾನು ಓದದ ಭಾಗದಲ್ಲಿ, 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಹದಿನೆಂಟು ತುಂಬದ ಹೆಣ್ಣುಮಗುವಿನ ಮದುವೆ ಅಪರಾಧವೆಂದೂ, 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಮಗುವನ್ನು ಶಾಲೆಗೆ ಕಳಿಸದಿದ್ದರೆ ಪಾಲಕರ ಮೇಲೆ ಕ್ರಮ ಜರುಗಿಸಲಾಗುವುದೆಂದೂ ಬರೆದಿತ್ತು. ನಾನು ಮದುವೆಯ ಸುದ್ದಿಯನ್ನೇ ಎತ್ತಿರಲಿಲ್ಲ. ಶಾಲೆ ಬಿಟ್ಟ ಹುಡುಗಿ ಎಂದೊಡನೆ ಮುಂದಿನ ಬಿಟ್ಟ ಸ್ಥಳಕ್ಕೆ ಅದು ಮದುವೆ ತುಂಬಿತ್ತು. ಶಿಕ್ಷಣ ಹಕ್ಕು ಕಾಯಿದೆ ಇರುವುದು 6ರಿಂದ 14 ವರ್ಷದ ಮಕ್ಕಳಿಗೆ, ಹುಡುಗಿಗೆ ಹದಿನೈದು. ವಯಸ್ಸನ್ನು ನಾನು ಹೇಳಿರಲೇ ಇಲ್ಲ.

ಅದೆಲ್ಲ ಒಂದು ಕಡೆ. ಆ ತಾಯಿಗೆ ಓದು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ದಾಖಲಾತಿಯ ದಿನ ಹೆಬ್ಬೆಟ್ಟಿಗೆ ಮಸಿ ಹಚ್ಚಿದವಳು ನಾನೇ. ಪತ್ರ ಬಂದಾಗ ಅವಳು ಅದನ್ನು ಕಿರಾಣಿ ಅಂಗಡಿಗೆ ಒಯ್ದು ಓದಿಸಿದ್ದಳು. ಶನಿವಾರ ಸಂಜೆ, ಕೂಲಿ ಬಟವಾಡೆಯ ದಿನ. ಅಂಗಡಿಯ ಮುಂದೆ ಹತ್ತು ಹನ್ನೆರಡು ಜನ. ಅಂಗಡಿಯವನು ಗಟ್ಟಿಯಾಗಿ ಓದಿದನಂತೆ. ಭಾನುವಾರದ ಹೊತ್ತಿಗೆ ಅವಳು ಸಣ್ಣ ಮಗಳ ಲಗ್ನ ಕದ್ದು ಮಾಡುತ್ತಿದ್ದಾಳೆ, ಸರ್ಕಾರದಿಂದ ನೋಟಿಸು ಬಂದಿದೆ ಎಂದು ಓಣಿಯಲ್ಲೆಲ್ಲ ಆಗಿತ್ತು.

“ನೀವು ಓಣ್ಯಾಗ ಒಂದಿನಾ ಬಂದು ಕೇಳಿದ್ರ ನಾ ಹೇಳ್ತಿದ್ದಿಲ್ಲೇನ್ರಿ?” ಎಂದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಪತ್ರ ಪರಿಣಾಮಕಾರಿಯಾಗಿತ್ತು, ನಾನು ಕೇಳಿದ ಹಾಗೆಯೇ. ಇದರಲ್ಲಿ ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಓದು ಬಾರದ ತಾಯಿ, ಓದಿ ಹೇಳುವವನು ಅಂಗಡಿಯವನು, ಶನಿವಾರದ ಸಂಜೆ: ಈ ಮೂರನ್ನು ಅದು ಎಲ್ಲಿಂದ ತಿಳಿಯಬೇಕು? ಅದಕ್ಕೆ ಹೇಳುವವಳು ನಾನು. ಇಷ್ಟನ್ನು ನೆನೆಸಿಕೊಂಡಿದ್ದರೆ ಪತ್ರ ಬರೆಯುವ ವಿಚಾರವೇ ನನ್ನ ತಲೆಯಲ್ಲಿ ಬರುತ್ತಿರಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದೆ.

ಅಂದು ಸಂಜೆ ಹೊರಟೆ. ಮೊದಲು ಅಂಗಡಿಯ ಮುಂದೆ ನಿಂತು, ಅಲ್ಲಿದ್ದವರೆಲ್ಲ ಕೇಳುವಂತೆ, ಪತ್ರದಲ್ಲಿ ಬರೆದದ್ದು ಸುಳ್ಳು, ತಪ್ಪು ನನ್ನದು ಎಂದು ಹೇಳಿದೆ. ಇಷ್ಟು ವರ್ಷ ತರಗತಿಯಲ್ಲಿ ಗಟ್ಟಿಯಾಗಿ ಮಾತಾಡಿದವಳಿಗೆ ಆ ಎರಡು ಮಾತಿಗೆ ಗಂಟಲು ಒಣಗಿತು. ಕೆಲವರು ತಲೆಯಾಡಿಸಿದರು. ಒಬ್ಬ ಮುದುಕ ಮಾತ್ರ, “ಇರಲಿ ಬಿಡ್ರಿ ಬಾಯಾರ, ಲಗ್ನ ಇಲ್ಲದ ಸುದ್ದಿ ಹುಟ್ಟೂದಿಲ್ಲ” ಎಂದ. ಆ ಮಾತನ್ನು ನಾನು ಅಳಿಸಲಾರೆ.

ಆಮೇಲೆ ಮನೆ. ದೊಡ್ಡ ಮಗಳು ಬಾಣಂತಿ, ಹೆರಿಗೆಯಲ್ಲಿ ತ್ರಾಸಾಗಿ ಇನ್ನೂ ಹಾಸಿಗೆ ಹಿಡಿದಿದ್ದಾಳೆ. ತಾಯಿ ಕಬ್ಬಿನ ಕೂಲಿ ಬಿಟ್ಟರೆ ಒಲೆ ಹತ್ತುವುದಿಲ್ಲ. ಕೂಸನ್ನು ಹಿಡಿಯುವವಳು ನನ್ನ ವಿದ್ಯಾರ್ಥಿನಿ. ತೊಟ್ಟಿಲ ಹಗ್ಗ ಒಂದು ಕೈಯಲ್ಲಿ ಹಿಡಿದು ನನ್ನನ್ನು ಕಂಡೊಡನೆ ಎದ್ದು ನಿಂತಳು, ಹಗ್ಗ ಬಿಡಲಿಲ್ಲ. ಇಷ್ಟೇ ಇದ್ದದ್ದು. ನಾವಿಬ್ಬರೂ ತಾಯಂದಿರು ಕುಳಿತು ಲೆಕ್ಕ ಹಾಕಿದೆವು. ಪಕ್ಕದ ಮನೆಯ ಅಜ್ಜಿ ಮಧ್ಯಾಹ್ನದವರೆಗೆ ನೋಡಿಕೊಳ್ಳಲು ಒಪ್ಪಿದಳು, ಅದೂ ವಾರಕ್ಕೆ ಮೂರು ದಿನ. ಉಳಿದ ದಿನದ ಪಾಠ?

ಆ ರಾತ್ರಿ ಫೋನು ತೆಗೆಯಲು ಮನಸ್ಸಿರಲಿಲ್ಲ. ಆದರೆ ಕೋಪಕ್ಕಿಂತ ಹುಡುಗಿಯ ಪರೀಕ್ಷೆ ದೊಡ್ಡದು. ಬರೆಯುತ್ತ ಹೋದೆ. ಅವಳ ಹೆಸರು ಹಾಕಲಿಲ್ಲ, ಶಾಲೆಯ ಹೆಸರೂ ಹಾಕಲಿಲ್ಲ. ಮಕ್ಕಳ ಹೆಸರು, ಫೋನು, ಆಧಾರ್ ಅದರೊಳಗೆ ಹಾಕುವುದಿಲ್ಲ ಎಂಬ ಒಂದು ಆಣೆ ಮಾತ್ರ ಇಂದಿಗೂ ಉಳಿದಿದೆ. ಬರೆದದ್ದು ಇಷ್ಟು: ಒಂಬತ್ತನೆಯ ತರಗತಿಯ ಹುಡುಗಿ. ಚೆನ್ನಾಗಿ ಓದಬಲ್ಲಳು. ತಿಂಗಳ ಕೂಸನ್ನು ನೋಡಿಕೊಳ್ಳುತ್ತಾಳೆ. ಕೂಸು ಮಲಗುವುದು ಒಮ್ಮೆಗೆ ಇಪ್ಪತ್ತು ನಿಮಿಷ, ಕೆಲವೊಮ್ಮೆ ಹತ್ತೇ. ಒಂದು ಕೈ ಯಾವಾಗಲೂ ತೊಟ್ಟಿಲ ಮೇಲೆ, ಆದ್ದರಿಂದ ಬಹಳ ಬರೆಯಿಸಬೇಡ. ಫೋನು ಅವಳ ಹತ್ತಿರ ಇಲ್ಲ. ನಾನು ಕಾಗದದಲ್ಲಿ ಕೊಡುತ್ತೇನೆ. ಕೆಳಗೆ ಪಠ್ಯಪುಸ್ತಕದ ಪಾಠವಿದೆ, ಇದರ ಹೊರಗಿನದೇನನ್ನೂ ಸೇರಿಸಬೇಡ. ಇದನ್ನು ಸಣ್ಣ ಸಣ್ಣ ತುಂಡು ಮಾಡು. ಪ್ರತಿ ತುಂಡಿನ ಕೊನೆಗೆ ಬಾಯಲ್ಲೇ ಉತ್ತರ ಹೇಳಿಕೊಳ್ಳುವಂಥ ಎರಡು ಪ್ರಶ್ನೆ ಇರಲಿ. ನಡುವೆ ಬಿಟ್ಟುಹೋದರೆ ಎಲ್ಲಿಂದ ಹಿಡಿಯಬೇಕೆಂದು ಗುರುತು ಇರಲಿ. ಉಪದೇಶ ಬೇಡ. ಪುಸ್ತಕದ ಪಾಠವನ್ನು ಪುಟಪುಟ ಫೋಟೋ ತೆಗೆದು ಕೂಡಿಸಿದೆ. ಬರೆದು ಮುಗಿಸುವಾಗ ನನ್ನ ಪ್ರಾಂಪ್ಟೇ ಒಂದು ಪುಟವಾಗಿತ್ತು. ಯಜಮಾನರು ಇಣುಕಿ ನೋಡಿ, “ಇಷ್ಟು ಉದ್ದ ನನಗೂ ಎಂದೂ ಪತ್ರ ಬರೀಲಿಲ್ಲ” ಎಂದರು.

ಬಂದದ್ದನ್ನು ಈ ಸಲ ಕೊನೆಯ ಅಕ್ಷರದವರೆಗೆ ಓದಿದೆ, ಎರಡು ಸಲ. ಒಂದು ಕಡೆ “ತಾಯ್ತನದ ಹೊಣೆ” ಎಂದೇನೋ ಸೇರಿಸಿತ್ತು, ಹೊಡೆದುಹಾಕಿದೆ. ಸುತ್ತೋಲೆ ಕನ್ನಡವನ್ನು ನಮ್ಮ ಕನ್ನಡ ಮಾಡಿದೆ. ಏಳು ಹಾಳೆಯಾಯಿತು. ಬುಧವಾರ ಅವಳು ಶಾಲೆಗೆ ಬಂದಾಗ ಕೊಟ್ಟೆ.

ಸೋಮವಾರ ಹಾಳೆಗಳನ್ನು ವಾಪಸು ತಂದಳು. ಒಂದರ ಮೂಲೆಯಲ್ಲಿ ಎಣ್ಣೆಯ ಕಲೆ, ಇನ್ನೊಂದರ ಮೇಲೆ ಹಾಲು ಚೆಲ್ಲಿ ಒಣಗಿದ ಗುರುತು. ನಾಲ್ಕನೆಯ ಹಾಳೆಯಲ್ಲಿ ಬೆರಳಿಟ್ಟು ಕೇಳಿದಳು: “ಬಾಯಾರ, ಇಲ್ಲಿ ‘ಕೂಸು ಎದ್ದರೆ ಇಲ್ಲಿಗೇ ಬಿಡು, ಮತ್ತೆ ಮಲಗಿದ ಮೇಲೆ ಎರಡನೆಯ ಪ್ರಶ್ನೆಯಿಂದ ಹಿಡಿ’ ಅಂತ ಬರದೈತಲ್ರಿ. ನಮ್ಮ ಕೂಸು ಏಳೂದು ಇದಕ್ಕ ಹೆಂಗ ಗೊತ್ತಾತ್ರಿ?”

“ನಾ ಹೇಳಿದ್ದೆ” ಎಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. “ಹಂಗಾದ್ರ ಇನ್ನೊಂದು ಹೇಳ್ರಿ ಅದಕ್ಕ. ಗಣಿತದ್ದೂ ಬೇಕು. ಆದರ ದೊಡ್ಡ ದೊಡ್ಡ ಲೆಕ್ಕ ಬ್ಯಾಡ. ಒಂದ ಕೈಲೆ ಮಾಡೂವಂಥಾವು. ಮತ್ತ ಉತ್ತರ ಹಿಂದಿನ ಪುಟದಾಗ ಇರಲಿ, ಅದ ಪುಟದಾಗ ಇದ್ರ ನಾ ನೋಡಿಬಿಡ್ತೀನ್ರಿ.”

ನಾನು ಪೆನ್ನು ತೆಗೆದು, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಅಂಗೈಯಷ್ಟು ಚೀಟಿಯಲ್ಲಿ ಬರೆದುಕೊಂಡೆ.